ಗುಜರಿಯ ಕುಲುಮೆ

"ಮೈಕು ಕೆಟ್ಟಿದೆ, ಮೈಕು ಕೆಟ್ಟಿದೆ ಅಂತ ಇನ್ನೆಷ್ಟು ದಿನ ಹೇಳ್ತೀಯೋ ಗುಜರಿ? ಹೊಸದು ಕಳಿಸ್ಲಾ?"

ಪರದೆಯ ಮೂಲೆಯಲ್ಲಿ ಮೇಷ್ಟ್ರ ಬರಹ ಮೂಡಿದ್ದೇ ಅವಳ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಕುಲುಮೆಗೆ ಹಾಕಲೆಂದು ಆರಿಸಿಟ್ಟ ಮಾಲು ಪರದೆಯ ಮೇಲೆ ಎದುರಿಗಿತ್ತು. ಮುರಿದ ತೋಪುಗಳು, ಸುಟ್ಟ ಎಂಜಿನ್ನುಗಳು, ತೂತು ಬಿದ್ದ ತಗಡುಗಳು. ಹಿಂದಿನ ಸಂಜೆ ಆಟದ ಆಕಾಶದಲ್ಲಿ ಎರಡು ತಂಡಗಳು ಹೊಡೆದಾಡಿ ಬಿಟ್ಟುಹೋದ ಕಸ. ಅವಳು ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. "ಬೇಡ ದೊರೆ. ಗಂಟಲೂ ಸರಿ ಇಲ್ಲ."

ದೊರೆ ಎನ್ನುವುದು ಅವಳ ಮಾತಲ್ಲ, ಗಂಡನದು. ಗುಜರಿ ಎನ್ನುವ ಹೆಸರೂ ಅವನದೇ. ಆ ಹೆಸರಿಟ್ಟುಕೊಂಡು ಈ ಕುರ್ಚಿಯಲ್ಲಿ ಕುಳಿತು ಆಡುತ್ತಿದ್ದವನು ಸತ್ತು, ಮಳೆಗಾಲ ಮುಗಿದು, ಚಳಿ ಬಂದಿತ್ತು. ಅವನ ಜೊತೆ ಆಡುವ ತಂಡದವರಿಗೆ ಅದು ಗೊತ್ತಿರಲಿಲ್ಲ.

"ಏನಂತೆ?" ಅಂದರು ಅತ್ತೆ. ಅದೇ ಕೋಣೆಯ ಇನ್ನೊಂದು ಗೋಡೆಗೆ ಅವರ ಮಂಚ. ಸೊಂಟದ ಮೂಳೆ ಮುರಿದ ಮೇಲೆ ಅವರ ಲೋಕವೆಲ್ಲ ಅಷ್ಟೇ ಆಗಿತ್ತು.

"ಮೇಷ್ಟ್ರು. ಮಾತಾಡು ಅಂತಾರೆ."

"ಮಾತಾಡೋಕೆ ಅವನೆಲ್ಲಿದಾನೆ ಪಾಪ," ಅಂದವರು ಗೋಡೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಮತ್ತೆ, "ನೀನು ಟಿಕ್ ಟಿಕ್ ಮಾಡೇ. ನಿಲ್ಲಿಸಿಬಿಟ್ರೆ ನಂಗೆ ನಿದ್ದೆ ಬರಲ್ಲ" ಅಂದರು.

ಮಗ ಬದುಕಿದ್ದಾಗ ಇದೇ ಮೌಸಿನ ಸದ್ದಿಗೆ ಅವರು ಹಿಡಿಶಾಪ ಹಾಕುತ್ತಿದ್ದರು. ಈಗ ಮಧ್ಯಾಹ್ನದ ನಿದ್ದೆಗೆ ಅದೇ ಬೇಕು. ಕಣ್ಣು ಮುಚ್ಚಿಕೊಂಡರೆ ಆ ಕುರ್ಚಿಯಲ್ಲಿ ಇರುವವರು ಯಾರು ಬೇಕಾದರೂ ಆಗಬಹುದಲ್ಲ.

ಆ ಆಟದಲ್ಲಿ ಲಕ್ಷಾಂತರ ಜನ ತಂತಮ್ಮ ಮನೆಯಲ್ಲಿ ಕುಳಿತು ಹಡಗು ಕಟ್ಟುತ್ತಾರೆ, ತಂಡ ಕಟ್ಟುತ್ತಾರೆ, ಆಮೇಲೆ ಕೆಲಸವಿಲ್ಲದವರಂತೆ ಒಬ್ಬರ ಹಡಗನ್ನು ಒಬ್ಬರು ಒಡೆಯುತ್ತಾರೆ. ಒಡೆದ ಚೂರುಗಳು ನಕ್ಷತ್ರಗಳ ನಡುವೆ ತೇಲುತ್ತಿರುತ್ತವೆ. ಎರಡು ಗಂಟೆಯೊಳಗೆ ಯಾರಾದರೂ ಬಾಚಿಕೊಂಡರೆ ಸರಿ, ಇಲ್ಲದಿದ್ದರೆ ತಾವಾಗಿಯೇ ಮಾಯವಾಗುತ್ತವೆ. ಗೆದ್ದವರಿಗೆ ಗೆದ್ದ ಅಮಲು, ಸೋತವರಿಗೆ ಸೋತ ಸಿಟ್ಟು, ಚೂರು ಆರಿಸುವ ವ್ಯವಧಾನ ಯಾರಿಗಿರುತ್ತದೆ? ಅವಳ ಗಂಡ ಮಾತ್ರ ಒಂದು ಡೊಳ್ಳುಹೊಟ್ಟೆಯ ನಿಧಾನದ ಹಡಗು ಓಡಿಸಿಕೊಂಡು ಹೋಗಿ, ಎಲ್ಲವನ್ನೂ ಬಾಚಿ ತಂದು ಕುಲುಮೆಗೆ ಹಾಕಿ ಕರಗಿಸುತ್ತಿದ್ದ. ಲೋಹಕ್ಕೆ ಗಿರಾಕಿ ತಪ್ಪಿದ್ದಿಲ್ಲ, ಒಡೆದುಕೊಂಡವರು ಮರುದಿನವೇ ಹೊಸ ಹಡಗು ಕಟ್ಟಬೇಕಲ್ಲ. ಹಾಗೆ ಸೇರಿದ ಆಟದ ನಾಣ್ಯವನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳುವ ದಲ್ಲಾಳಿಯೊಬ್ಬನಿದ್ದ. ಗಂಡನ ಅಪ್ಪ ಬೀದಿಯಲ್ಲಿ ಗುಜರಿ ಅಂಗಡಿ ಇಟ್ಟುಕೊಂಡು ಸಂಸಾರ ಸಾಕಿದವನು. ಮಗ ಆಕಾಶಕ್ಕೆ ಹಾರಿದರೂ ಹಿಡಿದದ್ದು ಗುಜರಿಯನ್ನೇ.

ಈ ಆಟದಲ್ಲಿ ಕೈಗುಣ ಅಂಟಿಕೊಂಡಿರುವುದು ಹೆಸರಿಗೆ, ಕೈಗಲ್ಲ. ಗುಜರಿ ಎನ್ನುವ ಹೆಸರಿಗೆ ಅವನು ವರ್ಷಗಟ್ಟಲೆ ಕರಗಿಸುವ ವಿದ್ಯೆಯೊಂದನ್ನೇ ಕಲಿಸಿ ಬೆಳೆಸಿದ್ದ. ಬೇರೆಯವರು ಕರಗಿಸಿದರೆ ಅರ್ಧಕ್ಕರ್ಧ ಉರಿದುಹೋಗುತ್ತಿತ್ತು. ಇವನ ಕುಲುಮೆಯಲ್ಲಿ ಚೂರೂ ಪೋಲಾಗುತ್ತಿರಲಿಲ್ಲ. ಹಾಗಾಗಿ ತಂಡದವರೆಲ್ಲ ತಮ್ಮ ಲೂಟಿಯ ಮಾಲನ್ನು ಅವನ ಬಾಗಿಲಿಗೇ ತಂದು ಸುರಿಯುತ್ತಿದ್ದರು. ಲೋಹ ಅವರಿಗೆ, ಒಂದು ಪಾಲು ಇವನಿಗೆ. ಮನುಷ್ಯ ಹೋದ, ವಿದ್ಯೆ ಉಳಿಯಿತು. ಗುಂಡಿ ಒತ್ತುವ ಬೆರಳು ಯಾರದೆಂದು ಕುಲುಮೆ ಕೇಳುವುದಿಲ್ಲ.

ಅವನು ಸತ್ತದ್ದು ಬಲ್ಬ್ ತರಲು ಹೋಗಿ. ಕೋಣೆಯ ಬಲ್ಬ್ ಸುಟ್ಟುಹೋಗಿತ್ತು. ಬೆಳಿಗ್ಗೆ ಅಂಗಡಿಗೆ ಹೋದವನು ವಾಪಸು ಬರುವಾಗ ಮೆಟ್ಟಿಲ ಮೇಲೆ ಕುಸಿದ. ಎದೆ ಹಿಡಿದುಕೊಂಡಿದ್ದ ಕೈಯನ್ನು ಬಿಡಿಸಿದರು, ಇನ್ನೊಂದು ಕೈಯಲ್ಲಿ ಬಲ್ಬ್ ಇತ್ತು, ಒಡೆದಿರಲಿಲ್ಲ. ಬಂದವರೆಲ್ಲ ಹೋದ ಮೇಲೆ ಅವಳು ಸ್ಟೂಲು ಹತ್ತಿ ಅದನ್ನು ಹಾಕಿದಳು. ಇವತ್ತಿಗೂ ಉರಿಯುತ್ತಿರುವುದು ಅದೇ.

ಕಂಪ್ಯೂಟರ್ ಮಾರಿಬಿಡುವುದೆಂದು ಆಗಿತ್ತು. ಕೊಳ್ಳುವವನು ಬರುವ ಮುಂಚೆ ಒಮ್ಮೆ ಹಚ್ಚಿ ನೋಡಿದಳು. ಕುಲುಮೆಯ ಮುಂದೆ ಅವನು ಅರ್ಧ ಆರಿಸಿಟ್ಟ ಮಾಲು ಹಾಗೆಯೇ ಬಿದ್ದಿತ್ತು. ಎಷ್ಟೋ ಸಂಜೆ ಅವನ ಪಕ್ಕ ತಟ್ಟೆ ಹಿಡಿದು ಕುಳಿತು, "ಇದನ್ನ ಒತ್ತು, ಕರಗುತ್ತೆ ನೋಡು" ಎಂದು ಅವನು ಹೇಳಿದಂತೆ ಒತ್ತಿದ್ದಳು. ಅಂದೂ ಒತ್ತಿದಳು. ಕರಗಿತು. ವಾರದೊಳಗೆ ದಲ್ಲಾಳಿಯ ದುಡ್ಡು ಅವಳ ಬ್ಯಾಂಕಿನ ಖಾತೆಗೆ ಬಂದು ಬಿದ್ದಿತು. ಅವಳು ಬಟ್ಟೆ ಪ್ಯಾಕ್ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ಆಗಲೇ ಬಹಳ ದಿನವಾಗಿತ್ತು. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೊರಗೆ ದುಡಿಯಲು ಹೋಗುವ ಹಾಗೂ ಇರಲಿಲ್ಲ. ಮನೆ ಬಾಡಿಗೆ, ಔಷಧಿ, ಒಲೆಯ ಗ್ಯಾಸು, ಎಲ್ಲವೂ ಆ ಕುಲುಮೆಯಿಂದಲೇ ಬರತೊಡಗಿತು. ಕಸದಿಂದ ರಸ ಎನ್ನುತ್ತಾರಲ್ಲ, ಅವಳ ಮಟ್ಟಿಗೆ ಅದು ಗಾದೆಯಲ್ಲ, ಊಟ.

ದಲ್ಲಾಳಿ ಮಾತ್ರ ನಿಜ ತಿಳಿದವನು. "ಅಕ್ಕಾ, ಬಾಯಿ ಬಿಡಬೇಡಿ," ಎಂದು ಮೊದಲೇ ಹೇಳಿದ್ದ. "ಹೆಸರು ಮಾಡಿದವನು ಸತ್ರೆ ಅದನ್ನ ಇನ್ನೊಬ್ರು ಆಡೋ ಹಾಗಿಲ್ಲ, ಅದು ಕಂಪನಿ ಕಾನೂನು. ಗೊತ್ತಾದ್ರೆ ಬೀಗ ಜಡೀತಾರೆ. ಆಮೇಲೆ ದೇವರು ಬಂದ್ರೂ ತೆಗೆಯಲ್ಲ."

ಅವಳು ಬಾಯಿ ಬಿಟ್ಟಿರಲಿಲ್ಲ. ಹಳೆಯ ಬರಹಗಳನ್ನೆಲ್ಲ ಓದಿ ಅವನ ಮಾತಿನ ವರಸೆ ಕಲಿತಿದ್ದಳು. ಅವನು ಹೇಗೂ ಮಿತಭಾಷಿ. "ಸರಿ ದೊರೆ", "ಆಯ್ತು ದೊರೆ", "ಮಾಲು ಬಂತು" ಇಷ್ಟರಲ್ಲೇ ಬದುಕು ಸಾಗಿಸಿದವನು. ಅವನ ಹಾಗೆ ಬರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮೇಷ್ಟ್ರು.

ಮೇಷ್ಟ್ರು ನಿಜವಾಗಿಯೂ ಮೇಷ್ಟ್ರೇ. ಯಾವುದೋ ದೂರದ ಊರಿನ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ತಂಡದ ಯಜಮಾನಿಕೆಯೂ ಅವರದೇ. ಅವನು ಸಾಯುವ ಹಿಂದಿನ ಸಂಜೆ, ಒಂದು ದೊಡ್ಡ ಜಗಳದ ಮಾಲು ಕರಗಿಸಿ ಹಂಚುವಾಗ, ಲೋಹ ಕಡಿಮೆ ಬಂದಿದೆ ಎಂದು ಎಲ್ಲರೂ ಕೇಳುವ ಹಾಗೆ ಮೈಕಿನಲ್ಲಿ ಅವನನ್ನು ಕಳ್ಳ ಅಂದಿದ್ದರು. ಅವನು ಹೆಡ್‌ಫೋನ್ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. "ಕಳ್ಳ ಅಂದ್ಬಿಟ್ಟ ಕಣೆ," ಅಂದ. ಊಟಕ್ಕೆ ಏಳಲಿಲ್ಲ. ಮರುದಿನ ಬಲ್ಬ್ ತರಲು ಹೋದ. ಆಮೇಲೆ ಗೊತ್ತಾಯಿತು, ಕೂಡುವಾಗ ಲೆಕ್ಕದ ಮೇಷ್ಟ್ರಿಗೇ ಲೆಕ್ಕ ತಪ್ಪಿತ್ತು. ಆವತ್ತಿನಿಂದ ಅವರು ಕ್ಷಮೆ ಕೇಳುತ್ತಲೇ ಇದ್ದರು, ಇವಳು "ಪರವಾಗಿಲ್ಲ ದೊರೆ" ಎಂದು ಬರೆಯುತ್ತಲೇ ಇದ್ದಳು. ಬರೆಯುವಾಗ ಒಳಗೆ ಸಿಟ್ಟು ಕುದಿಯುತ್ತಿತ್ತು. ಒದ್ದಾಡಲಿ ಮುದುಕ ಎಂದೂ ಅನ್ನಿಸುತ್ತಿತ್ತು.

ಆದರೆ ಮೇಷ್ಟ್ರು ಅಂದು ಬಿಡಲಿಲ್ಲ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೆ ಒಂದು ಬಂದವು. "ನೀನು ಇನ್ನೂ ಸಿಟ್ಟಲ್ಲೇ ಇದೀಯ. ಗಂಟಲಲ್ಲ, ಮೈಕಲ್ಲ, ನಂಗೊತ್ತು." "ನನ್ ಹೆಂಡ್ತಿ ಕೇಳ್ತಾಳೆ, ಯಾಕ್ರೀ ಊಟ ಮಾಡಲ್ಲ ಅಂತ. ಏನಂತ ಹೇಳ್ಲಿ?" "ಬೈಯೋದಾದ್ರೆ ಬೈಯೋ. ನಿನ್ ದನಿ ಒಂದ್ಸಲ ಕೇಳಿಸು."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಮಲಗಿರಲಿಲ್ಲ. "ಮುದುಕ ಅಳ್ತಿದಾನೇನೆ?" ಎಂದರು.

"ಹಾಗೇ ಕಾಣ್ತಿದೆ."

"ಸತ್ತವನ ಹತ್ರ ಕ್ಷಮೆ ಕೇಳ್ಕೊಂಡು ಅವನೂ ಸಾಯೋದು ಬೇಡ. ಹೇಳ್ಬಿಡು."

ಹೇಳಿದರೆ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ಆದರೂ ಮೊಳೆಯಿಂದ ಹೆಡ್‌ಫೋನ್ ಇಳಿಸಿದಳು. ಕಿವಿಯ ಮೆತ್ತೆಗೆ ಅವನ ತಲೆಯೆಣ್ಣೆಯ ವಾಸನೆ ಇನ್ನೂ ಅಂಟಿಕೊಂಡಿತ್ತು. ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿ, ಕರೆಯ ಗುಂಡಿ ಒತ್ತಿದಳು.

"ಗುಜರಿ! ಅಂತೂ ಬಂದ್ಯಲ್ಲಯ್ಯಾ!" ದನಿ ಅವಳು ಅಂದುಕೊಂಡಷ್ಟು ಗಡುಸಾಗಿರಲಿಲ್ಲ.

"ಮೇಷ್ಟ್ರೇ, ನಾನು ಅವರಲ್ಲ. ಅವರ ಮನೆಯವಳು."

"ಓ, ನಮಸ್ಕಾರಮ್ಮ. ಅವನೆಲ್ಲಿ? ಪಕ್ಕದಲ್ಲಿ ಕೂತು ನಗ್ತಿದಾನಾ?"

"ಅವರು ಹೋಗ್ಬಿಟ್ರು ಮೇಷ್ಟ್ರೇ. ನೀವು ಜಗಳ ಆಡಿದ್ರಲ್ಲ, ಅದರ ಮಾರನೇ ದಿನ ಬೆಳಿಗ್ಗೆ."

ಆ ಕಡೆಯಿಂದ ಎಲ್ಲೋ ಪಾತ್ರೆ ತೊಳೆಯುವ ಸದ್ದು, ಮಕ್ಕಳು ಕೂಗುವ ಸದ್ದು ಮಾತ್ರ ಬಂದವು. ಆಮೇಲೆ ಮೇಷ್ಟ್ರು, "ನಾನು ಕಳ್ಳ ಅಂದಿದ್ದು ಕೇಳ್ಕೊಂಡೇ ಹೋದ್ನಾ?" ಅಂದರು.

ಹೌದು ಎನ್ನಬಹುದಿತ್ತು. ಇಷ್ಟು ದಿನ ಅದಕ್ಕೇ ಕಾದಿದ್ದಳು. ನಾಲಿಗೆ ತುದಿಗೆ ಬಂದದ್ದು ಬೇರೆಯೇ ಆಯಿತು. "ಅವರು ಯಾವುದನ್ನೂ ಮನಸ್ಸಿಗೆ ಹಚ್ಕೊಳ್ಳೋರಲ್ಲ ಬಿಡಿ. ಎದೆನೋವು, ಅಷ್ಟೇ."

"ಹಾಗಾದ್ರೆ ಇಷ್ಟು ತಿಂಗಳು ನಮ್ ಮಾಲು ಕರಗಿಸ್ತಿದ್ದೋರು?"

"ನಾನೇ."

"ಅಯ್ಯೋ ತಾಯಿ. ಇಂಥ ದುಃಖದಲ್ಲಿ ನಮ್ಮ ಕಸ ಬಳೀತಾ ಕೂತಿದ್ರಾ? ಯಾಕಮ್ಮಾ?" ಆಮೇಲೆ ಮೆಲ್ಲಗೆ, "ಮನೆ ಹೇಗೆ ನಡೀತಿದೆ? ಸಂಕೋಚ ಬೇಡ. ನಾನು ನಿಮ್ಮಣ್ಣ ಇದ್ದ ಹಾಗೆ. ಏನಾದ್ರೂ ಬೇಕಿದ್ರೆ ಹೇಳಿ."

ಅವಳು ಮಂಚದ ಕಡೆ ನೋಡಿದಳು. ಅತ್ತೆ ಹೊದಿಕೆಯಿಂದ ಕೈ ಹೊರಗೆ ತೆಗೆದು, ಬೇಡ ಎಂದು ಆಡಿಸಿದರು. ಬೀದಿಯ ಅಂಗಡಿ ಮುಳುಗಿದಾಗಲೂ, ತಮ್ಮ ಗಂಡ ಹೋದಾಗಲೂ, ಸೊಂಟ ಮುರಿದು ಆಸ್ಪತ್ರೆ ಸೇರಿದಾಗಲೂ ನೆಂಟರಿಷ್ಟರ ಮುಂದೆ ಆಡಿಸಿದ್ದ ಕೈ ಅದು. ಆ ಮನೆಯಲ್ಲಿ ಹಸಿವನ್ನು ಬಾಗಿಲಾಚೆ ಕೇಳಿಸುವುದಿರಲಿಲ್ಲ. ಸೊಸೆಯಾಗಿ ಬಂದವಳಿಗೂ ಅದೇ ರೂಢಿಯಾಗಿತ್ತು.

"ಏನೂ ತೊಂದ್ರೆ ಇಲ್ಲ ಮೇಷ್ಟ್ರೇ. ನಾನು ಕೆಲಸಕ್ಕೆ ಹೋಗ್ತೀನಿ. ಇದು ಸುಮ್ನೆ, ಹೊತ್ತು ಹೋಗ್ಲಿ ಅಂತ."

"ನೀವು ದೊಡ್ಡವರಮ್ಮ." ಮೇಷ್ಟ್ರು ಮೂಗು ಸೀಟಿದ್ದು ಕೇಳಿಸಿತು. "ಆದ್ರೆ ನಾನು ಎಲ್ಲರ ಮುಂದೆ ಅವನನ್ನ ಕಳ್ಳ ಅಂದೆ. ಎಲ್ಲರ ಮುಂದೇನೇ ಅದನ್ನ ತೊಳೀಬೇಕು. ತಂಡದವರಿಗೆ ಹೇಳ್ಲಾ?"

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ, ಈಗ ತಾನೇ ಬೇಡ ಎಂದ ಕೈಯನ್ನು ಮತ್ತೆ ಚಾಚಿದ ಹಾಗೆ. ಅದೂ ಅಲ್ಲದೆ ಅವನ ಹೆಸರಿಗೆ ಅಂಟಿದ ಮಸಿ ಹೋಗುವುದಾದರೆ ಹೋಗಲಿ ಎಂಬ ಆಸೆಯೂ ಅವಳಿಗಿತ್ತು. ತಂಡದವರಿಗೆ ಹೇಳಿದರೆ ಕಂಪನಿಗೆ ಹೇಳಿದಂತೇನೂ ಅಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

"ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ," ಅಂದಳು.

ಕರೆ ಮುಗಿದ ಮೇಲೆ ಅತ್ತೆ, "ಒಳ್ಳೇದು ಮಾಡ್ದೆ. ಕೈ ಚಾಚಿದ ಮೇಲೆ ಇನ್ನೇನು ಉಳಿಯುತ್ತೆ?" ಅಂದರು. ಅವಳಿಗೂ ಎದೆಯ ಮೇಲಿನ ಭಾರ ಇಳಿದಂತಿತ್ತು. ಅಂದು ಉಳಿದ ಮಾಲನ್ನೆಲ್ಲ ಕರಗಿಸಿ, ಅವರವರ ಲೋಹವನ್ನು ಅವರವರಿಗೆ ಹಂಚಿ, ಎಂದಿಗಿಂತ ಬೇಗ ಎದ್ದಳು.

ಮರುದಿನದಿಂದ ಮಾಲು ಬರುವುದು ನಿಂತಿತು. ಬದಲಿಗೆ ಸಂತಾಪದ ಮಾತುಗಳು ಬಂದು ಕುಲುಮೆಯ ಬಾಗಿಲಲ್ಲಿ ರಾಶಿ ಬಿದ್ದವು. ಸಾವಿನ ಮನೆಗೆ ಯಾರು ತಾನೇ ಗುಜರಿ ಹೊತ್ತುಕೊಂಡು ಬರುತ್ತಾರೆ? ಮರ್ಯಾದಸ್ಥರು, ಪಾಪ. ಅವಳು ಡೊಳ್ಳುಹೊಟ್ಟೆಯ ಹಡಗನ್ನು ತಾನೇ ಓಡಿಸಿಕೊಂಡು ಹೋಗಿ ಅಲ್ಲಿಷ್ಟು ಇಲ್ಲಿಷ್ಟು ಬಾಚಿ ತಂದಳು. ದಾರಿಯಲ್ಲಿ ಸಿಕ್ಕ ಹಡಗುಗಳು, ಗುಜರಿಯ ಹೆಸರು ಕಂಡೊಡನೆ, ದೆವ್ವ ಕಂಡಂತೆ ಪಕ್ಕಕ್ಕೆ ಸರಿದವು. ನಾಲ್ಕು ದಿನ ತಡೆದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಳು.

ಒಂದು ಬೆಳಿಗ್ಗೆ ಅತ್ತೆಗೆ ಬಿಸಿನೀರು ಕೊಟ್ಟು ಬಂದು ಕುಳಿತರೆ ಆಟ ಒಳಗೆ ಬಿಟ್ಟುಕೊಳ್ಳಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಇತ್ತು. ಈ ಹೆಸರನ್ನು ಗೌರವಪೂರ್ವಕವಾಗಿ ಕಾಯ್ದಿರಿಸಲಾಗಿದೆ. ಇನ್ನು ಮುಂದೆ ಇದನ್ನು ಯಾರೂ ಬಳಸುವಂತಿಲ್ಲ. ಅವಳು ಮತ್ತೆ ಮತ್ತೆ ಒತ್ತಿದಳು. ಅದೇ ಸಾಲು. ದಲ್ಲಾಳಿಗೆ ಫೋನು ಹಚ್ಚಿದಳು.

"ಬೀಗ ಬಿತ್ತಕ್ಕಾ," ಎಂದ ಅವನು, ವಿಚಾರಿಸಿಕೊಂಡು ಬಂದು. "ನಿಮ್ಮ ತಂಡದವರೇ ಎಲ್ಲ ಸೇರಿ ಕಂಪನಿಗೆ ಬರೆದಿದಾರೆ. ಸತ್ತೋನ ಹೆಸರು ಯಾರೂ ಮುಟ್ಟಬಾರದು, ಕುಲುಮೆ ಹಾಗೇ ನೆನಪಿಗೆ ಇರ್ಲಿ ಅಂತ."

"ತೆಗೆಸೋಕೆ ಆಗಲ್ವಾ?"

"ಹೇಳಿದ್ನಲ್ಲಕ್ಕಾ."

ಅಂದಿನ ಕರೆಯಲ್ಲೇ ನಂಬರು ಕೇಳಿಕೊಂಡಿದ್ದ ಮೇಷ್ಟ್ರ ಸಂದೇಶ ಮಧ್ಯಾಹ್ನ ಫೋನಿಗೆ ಬಂದಿತು. ಅದನ್ನು ಬರೆಯುವಾಗ ಅವರು ಎಷ್ಟು ಸಂತೋಷದಲ್ಲಿದ್ದರೆಂದು ಅಕ್ಷರ ಅಕ್ಷರದಲ್ಲೂ ಕಾಣುತ್ತಿತ್ತು. "ತಂಗೀ, ಬಹಳ ಓಡಾಡಿ ಕೆಲಸ ಮುಗಿಸಿದೆ. ಕಂಪನಿಯವರು ಸುಲಭಕ್ಕೆ ಒಪ್ಪೋರಲ್ಲ, ಯಾವ ದೊಡ್ಡ ಆಟಗಾರನಿಗೂ ಕೊಡದ ಮರ್ಯಾದೆ ನಮ್ಮ ಗುಜರಿಗೆ ಕೊಡಿಸಿದೀನಿ. ಅವನ ಕುಲುಮೆಗೆ ಇನ್ನು ಯಾರೂ ಕೈ ಹಾಕೋ ಹಾಗಿಲ್ಲ. ನಿಮಗೂ ಆ ಕಸದ ಕಾಟ ತಪ್ಪಿತು. ಭಾನುವಾರ ಸಂಜೆ ಎಲ್ಲರೂ ಸೇರ್ತೀವಿ. ಈ ಲಿಂಕ್ ಒತ್ತಿ ನೀವೂ, ನಿಮ್ಮತ್ತೆಯವರೂ ನೋಡಬೇಕು."

ಅವಳು ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ಸೂರು ನೋಡುತ್ತಾ ಮಲಗಿದ್ದರು. "ಅವತ್ತು ಕೈ ಆಡಿಸಿದವಳು ನಾನು," ಎಂದರು.

"ಬಾಯಿ ಇದ್ದಿದ್ದು ನಂಗಲ್ವಾ ಅತ್ತೆ."

"ಈಗ ಬೇಕಾದ್ರೆ ಹೇಳ್ಬಿಡು ಅವನಿಗೆ. ನಾನು ಏನೂ ಅನ್ನಲ್ಲ."

ಅವಳು ಬರೆಯತೊಡಗಿದಳು. ಮೇಷ್ಟ್ರೇ, ನಾನು ಅವತ್ತು ಸುಳ್ಳು ಹೇಳಿದೆ. ಇಷ್ಟು ಬರೆದು ನಿಲ್ಲಿಸಿದಳು. ಹೇಳಿದರೆ ಬೀಗವೇನೂ ತೆಗೆಯುವುದಿಲ್ಲ. ಮೇಷ್ಟ್ರು ಇನ್ನೊಂದು ಸಲ ಲೆಕ್ಕ ತಪ್ಪಿದ್ದು ಅವರಿಗೆ ತಿಳಿಯುತ್ತದೆ, ಅಷ್ಟೇ. ಮೊದಲನೆಯದಕ್ಕೇ ಊಟ ಬಿಟ್ಟಿದ್ದ ಮನುಷ್ಯ. ಬರೆದದ್ದನ್ನು ಅಳಿಸಿ, "ಆಯ್ತು, ನೋಡ್ತೀವಿ" ಎಂದು ಕಳಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚೇ ಅತ್ತಳು. ಆಗ ಸತ್ತಿದ್ದವನು ಪೂರ್ತಿ ಸತ್ತಿರಲಿಲ್ಲ.

ಭಾನುವಾರ ಸಂಜೆ ಅತ್ತೆಗೆ ಎರಡು ದಿಂಬು ಕೊಟ್ಟು ಒರಗಿಸಿ ಕೂರಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದಳು. ಲಿಂಕ್ ಒತ್ತಿದರೆ ಬರೀ ನೋಡಲು ಮಾತ್ರ ಸಾಧ್ಯವಿತ್ತು. ಕತ್ತಲ ಆಕಾಶದ ನಡುವೆ ಅವನ ಕುಲುಮೆ ನಿಂತಿತ್ತು. ಬಾಗಿಲು ಮುಚ್ಚಿತ್ತು, ಹಣೆಯ ಮೇಲೆ ಗುಜರಿ ಎಂದು ಹೆಸರು ಹೊಳೆಯುತ್ತಿತ್ತು. ಸುತ್ತ ಹಡಗುಗಳು ಬಂದು ಸೇರುತ್ತಿದ್ದವು. ತಂಡದವರಷ್ಟೇ ಅಲ್ಲ, ಅವನು ಯಾರ ಚೂರುಗಳನ್ನು ಬಾಚಿದ್ದನೋ ಆ ಎದುರಾಳಿಗಳೂ ಬಂದಿದ್ದರು. ಒಂದೊಂದು ಹಡಗೂ ಒಂದೊಂದು ದೀಪ ಹಚ್ಚಿತು.

"ಎಷ್ಟೊಂದು ದೀಪ ಕಣೆ!" ಅಂದರು ಅತ್ತೆ. "ಇವರೆಲ್ಲ ನಮ್ಮವನಿಗೋಸ್ಕರ ಬಂದಿದಾರಾ?"

"ಹೂಂ ಅತ್ತೆ."

"ಒಂದು ಬಲ್ಬ್ ತರೋಕೆ ಹೋದೋನು," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಷ್ಟ್ರ ದನಿ ಕೇಳಿಸಿತು. ಪಾಠ ಮಾಡಿ ಪಳಗಿದ ದನಿ ಅಂದು ತಡವರಿಸುತ್ತಿತ್ತು. "ನಾನು ಇವನನ್ನ ಕಳ್ಳ ಅಂದೆ. ಕೂಡೋಕೆ ಬರದೆ ಇದ್ದದ್ದು ನನಗೆ. ಇವನು ಒಂದು ಚೂರನ್ನೂ ಮುಚ್ಚಿಟ್ಟವನಲ್ಲ. ನಾವು ಬಿಸಾಕಿದ್ದನ್ನ ಆರಿಸ್ಕೊಂಡು ಬದುಕಿದ, ನಮಗೇ ವಾಪಸು ಕೊಟ್ಟ. ಇವತ್ತು ನಾವು ನಮ್ಮಲ್ಲಿರೋ ಒಳ್ಳೇದನ್ನ ಇವನ ಬಾಗಿಲಿಗೆ ಕೊಡೋಣ." ಅಂದವರೇ ತಮ್ಮ ಹಡಗನ್ನು ತಾವೇ ಸಿಡಿಸಿಕೊಂಡರು. ತಂಡದಲ್ಲೇ ಅತಿ ದೊಡ್ಡ ಹಡಗು, ವರ್ಷಗಳಿಂದ ಕಟ್ಟಿದ್ದು. ಬೆಳಕು ಪರದೆ ತುಂಬ ಹರಡಿ ಆರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲರೂ ತಮ್ಮ ತಮ್ಮ ಹಡಗುಗಳಲ್ಲಿ ಚೆನ್ನಾದದ್ದನ್ನೇ ತಂದಿದ್ದರು.

ಅವಳು ದೀಪ ನೋಡುತ್ತಿರಲಿಲ್ಲ. ತೇಲುತ್ತಿದ್ದ ಚೂರುಗಳನ್ನು ನೋಡುತ್ತಿದ್ದಳು. ಅಷ್ಟು ಮಾಲನ್ನು ಅವಳು ಎಂದೂ ಒಂದೇ ಕಡೆ ಕಂಡಿರಲಿಲ್ಲ. ಅದು ದೊಡ್ಡ ಹಡಗಿನ ಎಂಜಿನ್ನು, ಸುಟ್ಟೇ ಇಲ್ಲ. ಅದು ಮಂದದ ತಗಡು, ಕರಗಿಸಿದರೆ ಅತ್ತೆಯ ಔಷಧಿಗೆ ತಿಂಗಳುಗಟ್ಟಲೆ ಸಾಕು. ಆ ತೋಪುಗಳನ್ನೆಲ್ಲ ಸೇರಿಸಿದರೆ ವರ್ಷದ ಬಾಡಿಗೆ. ಬಾಚಿ ತರಲು ದೂರ ಹೋಗುವುದೂ ಬೇಡ, ಕುಲುಮೆಯ ಹೊಸ್ತಿಲಿಗೇ ಬಂದು ಬಿದ್ದಿತ್ತು.

"ಇದನ್ನ ಯಾರೂ ಮುಟ್ಟಬಾರದು," ಎಂದಿತು ಮೇಷ್ಟ್ರ ದನಿ. "ಇದು ಅವನದು."

ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು. ದೀಪಗಳು ಆರಿದವು. ಕುಲುಮೆಯ ಮುಂದೆ ಚೂರುಗಳು ಮಾತ್ರ ನಿಧಾನವಾಗಿ ತಿರುಗುತ್ತಾ ಉಳಿದವು.

"ಮುಗೀತೇನೆ?"

"ಮುಗೀತು."

"ಅಷ್ಟೊಂದು ಬಿದ್ದಿದೆಯಲ್ಲ, ಅದನ್ನ ಯಾರು ಬಾಚ್ತಾರೆ?"

ಅವಳು ಅತ್ತೆಯ ಬೆನ್ನಿನ ದಿಂಬು ತೆಗೆದು, ಮಲಗಿಸಿ, ಹೊದಿಕೆ ಎಳೆದು, ಮತ್ತೆ ಬಂದು ಕುರ್ಚಿಯಲ್ಲಿ ಕುಳಿತಳು. ಅತ್ತೆಗೆ ನಿದ್ದೆ ಬರಲಿಲ್ಲ, ಮಗ್ಗುಲಾದರು, ಮತ್ತೆ ಮಗ್ಗುಲಾದರು. ಎರಡು ಗಂಟೆ ಆಗುತ್ತಾ ಬಂದಿತ್ತು. ಅವಳು ಮೌಸಿನ ಮೇಲೆ ಕೈಯಿಟ್ಟಳು. ದೊಡ್ಡ ಎಂಜಿನ್ನಿನ ಮೇಲೆ ಬಾಣದ ಗುರುತು ಇರಿಸಿ ಒತ್ತಿದಳು. ಏನೂ ಆಗಲಿಲ್ಲ. ಪಕ್ಕದ ತಗಡಿನ ಮೇಲೆ ಒತ್ತಿದಳು. ಆಮೇಲೆ ಅದರ ಪಕ್ಕದ್ದರ ಮೇಲೆ. ಆ ಟಿಕ್ ಟಿಕ್ ಸದ್ದಿಗೆ, ಹಿಂದೆ ಅತ್ತೆಯ ಉಸಿರು ಮೆಲ್ಲಗೆ ಸಮನಾಗುತ್ತಾ ಬಂದಿತು. ಪರದೆಯ ಅಂಚಿನಲ್ಲಿ ಮೊದಲ ಚೂರೊಂದು ಮಸುಕಾಗಿ ಇಲ್ಲವಾಯಿತು. ಅವಳು ಒತ್ತುವುದನ್ನು ನಿಲ್ಲಿಸಲಿಲ್ಲ.